ದೀಪ ಹೊತ್ತಿದ ಮೇಲೂ ಕತ್ತಿವರಸೆಯವರು ಕಿರುಚುವುದೇಕೆ?

2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ನಡೆದಾಗ ನಮ್ಮಲ್ಲಿ ತುಂಬ ಜನ ಮೊದಲ ಸಲ ಫೆನ್ಸಿಂಗ್ ನೋಡಿದರು. ಚೆನ್ನೈನ ಭವಾನಿ ದೇವಿ ಸೇಬರ್ (ಫಾಯಿಲ್, ಎಪೆ ಜೊತೆಗೆ ಈ ಆಟದ ಮೂರು ಬಗೆಯ ಕತ್ತಿಗಳಲ್ಲಿ ಒಂದು) ಹಿಡಿದು ಕಣಕ್ಕಿಳಿದಿದ್ದರು. ಒಲಿಂಪಿಕ್ಸ್‌ನಲ್ಲಿ ಈ ಆಟ ಆಡಿದ ಮೊದಲ ಭಾರತೀಯರು ಅವರೇ. ಟ್ಯುನೀಶಿಯಾದ ನಾದಿಯಾ ಬೆನ್ ಅಜೀಜಿಯನ್ನು 15–3ರಿಂದ ಸೋಲಿಸಿದರು, ಮುಂದಿನ ಸುತ್ತಿನಲ್ಲಿ ಫ್ರಾನ್ಸಿನ ಮನೋನ್ ಬ್ರೂನೆ ಎದುರು 7–15ರಿಂದ ಸೋತರು.

ಹೊಸದಾಗಿ ನೋಡುವವರಿಗೆ ಈ ಆಟದಲ್ಲಿ ಕತ್ತಿ ಸರಿಯಾಗಿ ಕಾಣುವುದೇ ಇಲ್ಲ, ಅಷ್ಟು ವೇಗ. ಕೇಳಿಸುವುದು ಮಾತ್ರ ಚೆನ್ನಾಗಿ ಕೇಳಿಸುತ್ತದೆ. ಒಂದೆರಡು ಸೆಕೆಂಡಿನ ಕಾದಾಟ, ಆಮೇಲೆ ಗಂಟಲು ಹರಿಯುವಂಥ ಕೂಗು. ಅದೂ ಎಷ್ಟೋ ಸಲ ಇಬ್ಬರೂ ಒಟ್ಟಿಗೇ! ಪಾಯಿಂಟ್ ಸಿಗುವುದು ಒಬ್ಬರಿಗೆ ತಾನೆ? ಮತ್ತೆ ಇಬ್ಬರೂ ಗೆದ್ದವರ ಹಾಗೆ ಮುಷ್ಟಿ ಬಿಗಿಯುವುದೇಕೆ?

ಇದಕ್ಕೆ ಉತ್ತರ ಬೇಕೆಂದರೆ, ಕತ್ತಿ ತಾಗಿದ್ದನ್ನು ತೋರಿಸುವ ವಿದ್ಯುತ್ ದೀಪಗಳು ಈ ಆಟದಲ್ಲಿ ಇಲ್ಲದ ಕಾಲಕ್ಕೆ ಹೋಗಬೇಕು. ಆಗ ಅಂಕಣದ ಸುತ್ತ ನಾಲ್ವರು ಜಡ್ಜ್‌ಗಳು ನಿಂತು ಬರಿಗಣ್ಣಿನಲ್ಲಿ ನೋಡುತ್ತಿದ್ದರು. ಮಧ್ಯದಲ್ಲಿ ಒಬ್ಬ ಮುಖ್ಯಸ್ಥ. ಎದುರಾಳಿಯ ಕತ್ತಿ ತಾಗಿದರೆ, ತಾಗಿಸಿಕೊಂಡವನೇ ಅದನ್ನು ಒಪ್ಪಿಕೊಳ್ಳುವುದು ಮರ್ಯಾದೆ ಎನಿಸಿಕೊಂಡಿತ್ತು. ಗೆದ್ದವನು ಎಗರಾಡುವುದು ಸಣ್ಣತನ. ಹಳಬರು ಈಗಲೂ ನೆನೆದು ನಿಟ್ಟುಸಿರು ಬಿಡುವುದು ಈ ಕಾಲವನ್ನೇ.

ಆದರೆ ಆ ಕಾಲ ಅಷ್ಟೇನೂ ಶಾಂತವಾಗಿರಲಿಲ್ಲ. 1924ರ ಪ್ಯಾರಿಸ್ ಒಲಿಂಪಿಕ್ಸ್ ನೋಡಿ. ಫಾಯಿಲ್ ತಂಡ ಸ್ಪರ್ಧೆಯಲ್ಲಿ ಇಟಲಿಯ ಆಲ್ಡೊ ಬೋನಿ ಒಂದು ತೀರ್ಪಿಗೆ ಸಿಟ್ಟಾಗಿ ಹಂಗೇರಿಯ ಜಡ್ಜ್ ಕೊವಾಚ್ ಮೇಲೆ ಹರಿಹಾಯ್ದರು. ಕ್ಷಮೆ ಕೇಳಿ ಅಂದಿದ್ದಕ್ಕೆ ಇಡೀ ಇಟಲಿ ತಂಡ ಎದ್ದು ಹೊರಟಿತು. ಅದೇ ಕೂಟದ ಸೇಬರ್ ಸ್ಪರ್ಧೆಯಲ್ಲಿ ಇಟಲಿಯ ಒರೆಸ್ಟೆ ಪುಲಿಟಿ ಅದೇ ಕೊವಾಚ್ ಜೊತೆ ಜಗಳವಾಡಿ ಅನರ್ಹರಾದರು. ಕೆಲವು ತಿಂಗಳ ಬಳಿಕ ಇಬ್ಬರೂ ನಿಜವಾದ ಕತ್ತಿ ಹಿಡಿದು ಹೊಡೆದಾಡಿದರು, ಗಾಯವನ್ನೂ ಮಾಡಿಕೊಂಡರು. ಇಂದಿನ ಕೂಗಾಟ ಇದಕ್ಕಿಂತ ಎಷ್ಟೋ ವಾಸಿ, ಅಲ್ವಾ?

ಆಮೇಲೆ ಯಂತ್ರ ಬಂತು. ಒಲಿಂಪಿಕ್ಸ್‌ನಲ್ಲಿ ಎಪೆಗೆ 1936ರಲ್ಲಿ, ಫಾಯಿಲ್‌ಗೆ 1956ರಲ್ಲಿ, ಸೇಬರ್‌ಗೆ 1992ರಲ್ಲಿ. ಕತ್ತಿ ತಾಗಿದರೆ ದೀಪವೇ ಹೇಳುತ್ತದೆ. ಒಪ್ಪಿಕೊಳ್ಳುವ ಕೆಲಸ ಆಟಗಾರರಿಗೆ ಉಳಿಯಲಿಲ್ಲ.

ಹಾಗಾದರೆ ವಾದವೂ ಮುಗಿಯಬೇಕಿತ್ತು. ಎಪೆಯಲ್ಲಿ ಸುಮಾರಾಗಿ ಮುಗಿಯಿತು. ಫಾಯಿಲ್ ಮತ್ತು ಸೇಬರ್‌ನಲ್ಲಿ ಮುಗಿಯಲಿಲ್ಲ. ಅಲ್ಲಿ ಕತ್ತಿ ತಾಗಿದರಷ್ಟೇ ಸಾಲದು, ಹೊಡೆಯುವ ಸರದಿ ಯಾರದು ಎಂಬುದೂ ಮುಖ್ಯ. ದಾಳಿ ಮೊದಲು ಶುರು ಮಾಡಿದವರಿಗೆ ಹಕ್ಕು. ಎದುರಾಳಿ ಅದನ್ನು ತಡೆದರೆ ಹಕ್ಕು ಅವರ ಕೈಗೆ ಹೋಗುತ್ತದೆ. ಸೇಬರ್‌ನಲ್ಲಿ ಇಬ್ಬರ ಹೊಡೆತವೂ 170 ಮಿಲಿಸೆಕೆಂಡಿನ ಒಳಗೆ ಬಿದ್ದರೆ ಎರಡೂ ದೀಪ ಹೊತ್ತುತ್ತವೆ. ದೀಪಕ್ಕೆ ಗೊತ್ತಿರುವುದು ಅಷ್ಟೇ. ದಾಳಿ ಯಾರದಿತ್ತು ಎಂದು ಹೇಳಬೇಕಾದವರು ರೆಫರಿ.

ಕೂಗು ಹುಟ್ಟುವುದು ಇಲ್ಲೇ. ದೀಪ ಹೊತ್ತಿದ್ದಕ್ಕೂ ರೆಫರಿ ಕೈ ಎತ್ತುವುದಕ್ಕೂ ನಡುವೆ ಒಂದು ಸಣ್ಣ ಸಂದು ಇದೆ. ಅದರೊಳಗೆ ಇಬ್ಬರೂ "ಅದು ನನ್ನದು" ಎಂದು ಮೈಯೆಲ್ಲ ಕುಲುಕಿಸಿ ಸಾರುತ್ತಾರೆ. ಕ್ರಿಕೆಟ್‌ನಲ್ಲಿ ಬೌಲರ್ "ಹೌಜ್ಯಾಟ್" ಎಂದು ಕೂಗುವ ಹಾಗೆ. ವ್ಯತ್ಯಾಸ ಇಷ್ಟೇ: ಕ್ರಿಕೆಟ್‌ನಲ್ಲಿ ಅಪೀಲು ನಿಯಮದ ಭಾಗ, ಕೇಳದಿದ್ದರೆ ಅಂಪೈರ್ ಔಟ್ ಕೊಡುವ ಹಾಗಿಲ್ಲ. ಫೆನ್ಸಿಂಗ್‌ನಲ್ಲಿ ಕಾರಣವಿಲ್ಲದೆ ತಕರಾರು ತೆಗೆದರೆ ಹಳದಿ ಕಾರ್ಡ್. ಸಂಭ್ರಮಕ್ಕೆ ಸಾಮಾನ್ಯವಾಗಿ ಕಾರ್ಡ್ ಇಲ್ಲ. ಹಾಗಾಗಿ ಅಪೀಲು ಸಂಭ್ರಮದ ವೇಷ ಹಾಕಿಕೊಂಡು ಬಂದಿದೆ ಎಂದು ನನಗನಿಸುತ್ತದೆ.

ಇದರಿಂದ ರೆಫರಿ ನಿಜಕ್ಕೂ ಬಾಗುತ್ತಾರಾ? ಒಳ್ಳೆಯ ರೆಫರಿ ಬಾಗಬಾರದು. 2008ರ ಬೀಜಿಂಗ್ ಒಲಿಂಪಿಕ್ಸ್ ಹೊತ್ತಿಗೆ ವಿಡಿಯೊ ಮರುಪರಿಶೀಲನೆಯೂ ಬಂದಿತ್ತು. ಆದರೂ ಕೂಗು ನಿಂತಿಲ್ಲ. ಸುಮ್ನೆ ನಿಂತವರು ಸಂಶಯದಲ್ಲಿದ್ದಾರೆ ಎಂದು ಕಾಣಬಹುದು ಎಂಬ ಭಯ ಯಾರಿಗೂ ತಪ್ಪಿದ್ದಲ್ಲ.

ಮುಖವಾಡದ ಮಾತೂ ಇದೆ. ಈ ಆಟದಲ್ಲಿ ಮುಖ ಕಾಣುವುದಿಲ್ಲ. ರೆಫರಿ ತೀರ್ಪು ಕೊಡುವ ಮುಂಚೆ ಮುಖವಾಡ ತೆಗೆದರೂ ಹಳದಿ ಕಾರ್ಡ್. ಖುಷಿ, ಕೋಪ ಯಾವುದೇ ಇರಲಿ, ಹೊರಗೆ ಬರಲು ಉಳಿದ ದಾರಿ ಗಂಟಲೊಂದೇ. ಟಿವಿಯಲ್ಲಿ ಮುಖ ಕಾಣಲಿ ಎಂದು ಒಂದಷ್ಟು ಕಾಲ ಪಾರದರ್ಶಕ ಮುಖವಾಡಗಳನ್ನು ತಂದದ್ದೂ ಉಂಟು.

ಎಲ್ಲ ಕೂಗೂ ರೆಫರಿಗಾಗಿಯೇ ಎಂದರೆ ಎಪೆ ಒಪ್ಪುವುದಿಲ್ಲ. ಅಲ್ಲಿ ಸರದಿಯ ಲೆಕ್ಕವೇ ಇಲ್ಲ. ಇಬ್ಬರೂ ಒಟ್ಟಿಗೆ ತಾಗಿಸಿದರೆ ಇಬ್ಬರಿಗೂ ಪಾಯಿಂಟ್. ಒಪ್ಪಿಸಲು ಯಾರೂ ಇಲ್ಲ, ಆದರೂ ಕೂಗುತ್ತಾರೆ. 2016ರ ರಿಯೊ ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಪಾರ್ಕ್ ಸಾಂಗ್-ಯಂಗ್, ಹಂಗೇರಿಯ ಗೇಜಾ ಇಮ್ರೆ ಎದುರು ತುಂಬ ಹಿಂದಿದ್ದರು. ವಿರಾಮದಲ್ಲಿ ಕುರ್ಚಿಯ ಮೇಲೆ ಕೂತು "ನನ್ನಿಂದ ಆಗುತ್ತೆ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದುದು ಕ್ಯಾಮೆರಾದಲ್ಲಿ ಸೆರೆಯಾಯಿತು. ಆಮೇಲೆ 10–14 ಆಯಿತು. ಇನ್ನೊಂದೇ ಪಾಯಿಂಟ್ ಬಿಟ್ಟಿದ್ದರೆ ಮುಗಿಯಿತು. ಸಾಲಾಗಿ ಐದು ಪಾಯಿಂಟ್ ಕಿತ್ತು 15–14ರಿಂದ ಚಿನ್ನ ಗೆದ್ದರು. ಅಲ್ಲಿ ಪಿಸುಮಾತು ಮಾಡಿದ ಕೆಲಸವನ್ನೇ ಬೇರೆಯವರಿಗೆ ಕೂಗು ಮಾಡುತ್ತದೆ: ಹೋದ ಪಾಯಿಂಟನ್ನು ಮರೆಸಿ ಮುಂದಿನದಕ್ಕೆ ನಿಲ್ಲಿಸುವುದು.

ಜಪಾನಿನ ಕತ್ತಿವರಸೆಯಾದ ಕೆಂಡೊದಲ್ಲಿ ಕೂಗದಿದ್ದರೆ ಹೊಡೆತಕ್ಕೆ ಪಾಯಿಂಟೇ ಇಲ್ಲ. ಆದರೆ ಪಾಯಿಂಟ್ ಸಿಕ್ಕ ಮೇಲೆ ಮುಷ್ಟಿ ಎತ್ತಿ ಸಂಭ್ರಮಿಸಿದರೆ ಅದನ್ನು ವಾಪಸ್ ಕಿತ್ತುಕೊಳ್ಳಬಹುದು. ಈ ನಿಯಮವನ್ನು ಸೇಬರ್‌ಗೆ ತಂದರೆ ಒಂದು ಪಂದ್ಯವೂ 15 ಪಾಯಿಂಟ್ ಮುಟ್ಟಲಿಕ್ಕಿಲ್ಲ.