ಒಂದೇ ಆಲ್ಬಂ, ನಾಲ್ಕು ಪ್ರೆಸ್ಸಿಂಗ್: ಯಾವುದರ ಸೌಂಡ್ ಚೆನ್ನಾಗಿದೆ?

ರೆಕಾರ್ಡ್ ಕೂಡಿಡುವವರು ನಾಲ್ಕು ಜನ ಸೇರಿದರೆ ಮಾತು ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ. ಹಳೆಯ ಪ್ರತಿಯ ಸೌಂಡ್ ಚೆನ್ನಾಗಿದೆಯೋ, ಹೊಸ ರೀಇಶ್ಯೂದೋ (ಮರುಬಿಡುಗಡೆಯದೋ)? ಹಳೆ ಟೇಪು, ಎಲ್‌ಪಿಗಳನ್ನು ಕಂಪ್ಯೂಟರಿಗೆ ಇಳಿಸಿ ಸರಿಪಡಿಸುವುದು ನನ್ನ ಕೆಲಸ. ಹಾಗಾಗಿ ಈ ಜಗಳ ಆಗಾಗ ನನ್ನ ಹತ್ತಿರವೂ ಬರುತ್ತದೆ. ಎರಡು ಕವರ್ ಹಿಡಿದುಕೊಂಡು ಬಂದು, "ಸಾರ್, ನೀವೇ ಹೇಳಿ" ಅನ್ನುತ್ತಾರೆ. ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಇದನ್ನು ಯಾವ ಟೇಪಿನಿಂದ ಕಟ್ ಮಾಡಿದ್ದಾರೆ, ಅಂದರೆ ತಟ್ಟೆಯ ಮೇಲೆ ಕೊರೆದಿದ್ದಾರೆ? ಕಟ್ ಮಾಡಿದವರು ಯಾರು? ಹೆಚ್ಚಿನವರಿಗೆ ಇವೆರಡೂ ಗೊತ್ತಿರುವುದಿಲ್ಲ. ಆದರೆ ಎಷ್ಟು ಗ್ರಾಂ ತೂಕ, ಯಾವ ದೇಶದ ಪ್ರೆಸ್ಸಿಂಗ್ (ಅಚ್ಚೊತ್ತಿದ ಪ್ರತಿ), ಕವರ್ ಮೇಲಿನ ಸ್ಟಿಕ್ಕರ್ ಏನು ಹೇಳುತ್ತದೆ ಎಂಬುದೆಲ್ಲ ಬಾಯಿಪಾಠ.

ಸ್ಟಿಕ್ಕರ್ ನಂಬಿ ಕೇಳಿದರೆ ಏನಾಗುತ್ತದೆ ಎನ್ನುವುದು 2022ರಲ್ಲಿ ಎಲ್ಲರಿಗೂ ಗೊತ್ತಾಯಿತು. ಮೊಬೈಲ್ ಫಿಡೆಲಿಟಿ ಎಂಬ ಅಮೆರಿಕದ ಕಂಪನಿ 1977ರಿಂದ ದುಬಾರಿ ರೀಇಶ್ಯೂ ತರುತ್ತಿದೆ. ಸಂಗ್ರಾಹಕರ ಬಾಯಲ್ಲಿ ಅದು ಮೊಫೈ. ಅವರ ಕವರಿನ ಮೇಲಂಚಿನಲ್ಲಿ 'ಒರಿಜಿನಲ್ ಮಾಸ್ಟರ್ ರೆಕಾರ್ಡಿಂಗ್' ಎಂಬ ಪಟ್ಟಿ ಇರುತ್ತದೆ. ಅದನ್ನು ಓದಿದವರು, ಮೂಲ ಟೇಪಿನಿಂದ ನೇರವಾಗಿ, ಮಧ್ಯೆ ಡಿಜಿಟಲ್ ಇಲ್ಲದ ಅನಲಾಗ್ ದಾರಿಯಲ್ಲೇ ಕಟ್ ಮಾಡಿದ್ದಾರೆ ಎಂದು ತಿಳಿದುಕೊಂಡಿದ್ದರು. ಆ ವರ್ಷ ಜುಲೈನಲ್ಲಿ ಅರಿಝೋನಾದ ಫೀನಿಕ್ಸ್ ನಗರದ ಒಬ್ಬ ರೆಕಾರ್ಡ್ ಅಂಗಡಿ ಮಾಲೀಕರು ವಿಡಿಯೋ ಮಾಡಿ, ಮಧ್ಯದಲ್ಲಿ ಡಿಜಿಟಲ್ ಹಂತ ಇದೆಯಂತೆ ಎಂದು ಬಾಂಬ್ ಹಾಕಿದರು. ಕಂಪನಿಯವರು ಅವರನ್ನು ಕ್ಯಾಲಿಫೋರ್ನಿಯಾದ ಸೆಬಾಸ್ಟೊಪೋಲ್‌ಗೆ ಕರೆಸಿಕೊಂಡರು. ಅಲ್ಲಿ ಎಂಜಿನಿಯರ್‌ಗಳೇ ಕ್ಯಾಮೆರಾ ಮುಂದೆ ಹೌದು ಅಂದರು. ಟೇಪನ್ನು ಡಿಎಸ್‌ಡಿ ಎಂಬ ಡಿಜಿಟಲ್ ರೂಪಕ್ಕೆ ಇಳಿಸಿ, ಅದರಿಂದ ಕಟ್ ಮಾಡುವುದು 2011ರಿಂದಲೇ ನಡೆದಿತ್ತು. ವಿಷಯ ಕೋರ್ಟಿಗೆ ಹೋಯಿತು. ಕೊಂಡವರಿಗೆ ಹಣ ವಾಪಸ್ ಕೊಡಲು ಸುಮಾರು 2.5 ಕೋಟಿ ಡಾಲರಿನ ರಾಜಿ ಆಯಿತು.

ಅನುಮಾನಕ್ಕೆ ದಾರಿ ಮಾಡಿದ್ದು ಸರಳ ಲೆಕ್ಕ. ಮೈಕಲ್ ಜಾಕ್ಸನ್‌ನ 'ಥ್ರಿಲ್ಲರ್' ಆಲ್ಬಮನ್ನು 'ಒನ್-ಸ್ಟೆಪ್' ವಿಧಾನದಲ್ಲಿ 40,000 ಪ್ರತಿ ತರುತ್ತೇವೆ, ಒಂದಕ್ಕೆ 125 ಡಾಲರ್ ಎಂದು ಮೊಫೈ ಹೇಳಿತ್ತು. ಮಾಮೂಲಿ ವಿಧಾನದಲ್ಲಿ ಮೊದಲು ಲ್ಯಾಕರ್ ಎಂಬ ಮೆತ್ತನೆಯ ತಟ್ಟೆಯ ಮೇಲೆ ಗ್ರೂವ್ (ಮುಳ್ಳು ಓಡುವ ಗೀರು) ಕೊರೆಯುತ್ತಾರೆ. ಅದರ ಮೇಲೆ ಲೋಹ ಕೂರಿಸಿ 'ಫಾದರ್' ತೆಗೆಯುತ್ತಾರೆ. ಅದರಿಂದ 'ಮದರ್', ಮದರ್‌ನಿಂದ ಎಷ್ಟು ಬೇಕೋ ಅಷ್ಟು ಸ್ಟ್ಯಾಂಪರ್, ಅಂದರೆ ಪ್ರತಿಗಳನ್ನು ಒತ್ತುವ ಅಚ್ಚು. ಒನ್-ಸ್ಟೆಪ್‌ನಲ್ಲಿ ಮಧ್ಯದ ಎರಡು ಹಂತ ಇಲ್ಲ. ಲ್ಯಾಕರ್‌ನಿಂದ ನೇರ ಸ್ಟ್ಯಾಂಪರ್. ವಿವರ ಕಳೆಯುವುದು ಕಡಿಮೆ, ನಿಜ. ಆದರೆ ಆ ಸ್ಟ್ಯಾಂಪರ್ ಸವೆದರೆ ಲ್ಯಾಕರನ್ನೇ ಮತ್ತೆ ಕಟ್ ಮಾಡಬೇಕು. ಒಂದರಿಂದ ಸಾವಿರ ಪ್ರತಿ ಸಿಕ್ಕಿತು ಎಂದು ಧಾರಾಳವಾಗಿ ಹಿಡಿದರೂ, 40,000 ಪ್ರತಿಗೆ ಆ ಅಮೂಲ್ಯ ಟೇಪನ್ನು 40 ಸಲ ಓಡಿಸಬೇಕು. ಯಾವ ಕಂಪನಿ ತನ್ನ ಮಾಸ್ಟರ್ ಟೇಪನ್ನು ಹಾಗೆ ಸವೆಸಲು ಬಿಡುತ್ತದೆ ಹೇಳಿ?

ಹೇಳದೆ ಮಾರಿದ್ದು ತಪ್ಪು. ಆ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. ಹತ್ತು ವರ್ಷ ಈ ರೆಕಾರ್ಡುಗಳನ್ನು ಜಗತ್ತಿನ ಅತಿ ಸೂಕ್ಷ್ಮ ಕಿವಿಗಳು ಕೇಳಿದ್ದವು. 'ಡಿಜಿಟಲ್ ಬಂದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ' ಅನ್ನುತ್ತಿದ್ದವರೇ ಇವನ್ನು ಅನಲಾಗ್ ಸೌಂಡಿನ ಮಾದರಿ ಎಂದು ಹೊಗಳಿದ್ದರು. ಸುದ್ದಿ ಹೊರಬಿದ್ದ ವಾರದಲ್ಲೇ ಅದೇ ರೆಕಾರ್ಡು ಕೆಲವರಿಗೆ 'ಸ್ವಲ್ಪ ಒಣಕಲು' ಎಂದು ಕೇಳಿಸತೊಡಗಿತು. ಗ್ರೂವ್ ಬದಲಾಗಿರಲಿಲ್ಲ, ಅಲ್ವಾ?

ಹಾಗಂತ ಪ್ರೆಸ್ಸಿಂಗ್‌ಗಳ ನಡುವೆ ವ್ಯತ್ಯಾಸವೇ ಇಲ್ಲ ಎಂದಲ್ಲ. ಇದೆ, ಕೆಲವು ಸಲ ಬೆಚ್ಚಿಬೀಳುವಷ್ಟು. ಅದು ಹುಟ್ಟುವ ಜಾಗ ಬೇರೆ, ಅಷ್ಟೆ. ಹೆಚ್ಚಿನ ಪಾಲು ಹುಟ್ಟುವುದು ಕಟಿಂಗ್ ಕೋಣೆಯಲ್ಲಿ.

ಟೇಪಿನಲ್ಲಿರುವುದು ಹಾಗೆ ಹಾಗೇ ರೆಕಾರ್ಡಿಗೆ ಹೋಗುವುದಿಲ್ಲ. ದಪ್ಪ ಸ್ವರಗಳಿಗೆ ಗ್ರೂವ್ ಅಗಲವಾಗಿ ಓಲಾಡುತ್ತದೆ, ಜಾಗ ತಿನ್ನುತ್ತದೆ. ಅದಕ್ಕೇ ಕೊರೆಯುವಾಗ ಬೇಸ್ ತಗ್ಗಿಸಿ, ಟ್ರೆಬಲ್ ಏರಿಸುತ್ತಾರೆ. ಎರಡು ತುದಿಗಳಲ್ಲೂ ಸುಮಾರು 20 ಡೆಸಿಬೆಲ್‌ನಷ್ಟು. ಕೇಳುವಾಗ ನಿಮ್ಮ ಫೋನೋ ಆಂಪ್ಲಿಫೈಯರ್ ಅದನ್ನು ತಿರುಗಿಸಿ ಸರಿ ಮಾಡುತ್ತದೆ. ಇದು ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಆರ್‌ಐಎಎ 1954ರಲ್ಲಿ ತಂದ ಲೆಕ್ಕಾಚಾರ, ಎಲ್ಲರಿಗೂ ಒಂದೇ. ಇದರ ಮೇಲೆ ಕಟಿಂಗ್ ಎಂಜಿನಿಯರ್ ತನ್ನ ತೀರ್ಮಾನಗಳನ್ನು ಸೇರಿಸುತ್ತಾನೆ. ಎಷ್ಟು ಜೋರಾಗಿ ಕೊರೆಯಬೇಕು, ಬೇಸ್ ಎಲ್ಲಿ ಕತ್ತರಿಸಬೇಕು, ಒಂದು ಬದಿಗೆ ಎಷ್ಟು ನಿಮಿಷ ತುಂಬಬೇಕು. ಜೋರು ಬೇಕೆಂದರೆ ನಿಮಿಷ ಕಡಿಮೆ ಮಾಡಿಕೊಳ್ಳಬೇಕು.

ನ್ಯೂಜೆರ್ಸಿಯ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರನ್ನೇ ನೋಡಿ. ಬ್ಲೂ ನೋಟ್ ಕಂಪನಿಯ ಜಾಝ್ ಆಲ್ಬಂಗಳನ್ನು ಅವರು ಮೊದಲು ಹ್ಯಾಕೆನ್‌ಸ್ಯಾಕ್‌ನಲ್ಲಿದ್ದ ತಂದೆತಾಯಿಯ ಮನೆಯ ಹಾಲ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದರು. 1959ರಿಂದ ಎಂಗಲ್‌ವುಡ್ ಕ್ಲಿಫ್ಸ್‌ನ ಸ್ವಂತ ಸ್ಟುಡಿಯೋದಲ್ಲಿ. ಲ್ಯಾಕರ್ ಕೂಡ ಅವರೇ ಕೊರೆಯುತ್ತಿದ್ದರು. ಆಗಿನ ಮನೆಗಳಲ್ಲಿದ್ದದ್ದು ಭಾರದ ಮುಳ್ಳಿನ ಅಗ್ಗದ ಪ್ಲೇಯರ್. ಆಳದ ಬೇಸ್ ಜಾಸ್ತಿಯಾದರೆ ಮುಳ್ಳು ಹಾರುತ್ತಿತ್ತು. ಹಾಗಾಗಿ ಕಟ್ ಮಾಡುವಾಗ ಅವರು ಬೇಸ್ ತಗ್ಗಿಸಿ, ನಡುಭಾಗವನ್ನು ಮುಂದಕ್ಕೆ ತಂದು, ಸಾಕಷ್ಟು ಜೋರಾಗಿ ಕೊರೆದರು. ಟ್ರಂಪೆಟ್ ಎದುರಿಗೇ ನಿಂತು ಊದಿದ ಹಾಗೆ ಕೇಳಿಸುವುದು ಇದರಿಂದ.

2019ರಿಂದ ಬರುತ್ತಿರುವ ಬ್ಲೂ ನೋಟ್‌ನ 'ಟೋನ್ ಪೊಯೆಟ್' ರೀಇಶ್ಯೂ ಸರಣಿಯಲ್ಲಿ ಅದೇ ಟೇಪುಗಳನ್ನು ಎಂಜಿನಿಯರ್ ಕೆವಿನ್ ಗ್ರೇ ಮತ್ತೆ ಕಟ್ ಮಾಡುತ್ತಿದ್ದಾರೆ. ಮುಳ್ಳು ಹಿಡಿದಿರುವ ಇಂದಿನ ಕಾರ್ಟ್ರಿಜ್‌ಗಳಿಗೆ ಬೇಸ್‌ನ ಹೆದರಿಕೆ ಇಲ್ಲ. ಆದ್ದರಿಂದ ಡಬಲ್ ಬೇಸ್ ಪೂರ್ತಿ ಬರುತ್ತದೆ, ಡ್ರಮ್ಸ್ ಸುತ್ತ ಗಾಳಿ ಇದೆ, ಟ್ರಂಪೆಟ್ ಎರಡು ಹೆಜ್ಜೆ ಹಿಂದೆ ಸರಿದಿದೆ. ಹಳೆಯದನ್ನು ಮೆಚ್ಚುವವರು 'ಜೀವ ಹೋಯಿತು' ಅನ್ನುತ್ತಾರೆ. ಹೊಸದನ್ನು ಮೆಚ್ಚುವವರು 'ಈಗ ತಾನೇ ಟೇಪಿನಲ್ಲಿರುವುದು ಕೇಳಿಸುತ್ತಿದೆ' ಅನ್ನುತ್ತಾರೆ. ನನ್ನ ಪ್ರಕಾರ ಇಬ್ಬರೂ ಸರಿಯಾಗಿಯೇ ಕೇಳಿಸಿಕೊಂಡಿದ್ದಾರೆ. ಒಬ್ಬರಿಗೆ ವ್ಯಾನ್ ಗೆಲ್ಡರ್ ಮಾಡಿದ ರೆಕಾರ್ಡ್ ಬೇಕು, ಇನ್ನೊಬ್ಬರಿಗೆ ಅವರು ಮಾಡಿದ ಟೇಪ್ ಬೇಕು. ಯಾವುದು ಬೇಕೆಂದು ಮೊದಲೇ ಹೇಳಿಬಿಟ್ಟರೆ ಅರ್ಧ ಜಗಳ ಮುಗಿಯುತ್ತದೆ. ನನಗೆ ಕೇಳಿದರೆ, ದಿನಾ ಹಾಕಿಕೊಳ್ಳಲು ಟೋನ್ ಪೊಯೆಟ್ ಸಾಕು. ಹಳೆಯ ಪ್ರತಿಗೆ ಕೇಳುವ ಬೆಲೆಯಲ್ಲಿ ದೊಡ್ಡ ಪಾಲು ಅಪರೂಪಕ್ಕೆ ಹೋಗುತ್ತದೆ, ಸೌಂಡಿಗಲ್ಲ.

'ಫಸ್ಟ್ ಪ್ರೆಸ್' ಅಂದರೆ ಸಾಕು, ಅದೇ ಸತ್ಯ ಎನ್ನುವವರಿಗೆ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಆಲ್ಬಂ ನೆನಪಿಸುತ್ತೇನೆ. 1959ರ ಮಾರ್ಚ್ 2ರಂದು ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೋದಲ್ಲಿ ಮೊದಲ ಬದಿಯ ಮೂರು ಟ್ರ್ಯಾಕ್ ರೆಕಾರ್ಡ್ ಆದವು. ಅಂದು ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನಕ್ಕೆ ಓಡುತ್ತಿತ್ತು. ಸರಿಯಾದ ವೇಗದಲ್ಲಿ ಹಾಕಿದಾಗ ಸಂಗೀತ ಬೇಗವಾಯಿತು, ಶ್ರುತಿ ಮೇಲಕ್ಕೆ ಹೋಯಿತು. ಅದೇ ಹೊತ್ತಿಗೆ ಓಡಿಸಿದ್ದ ಇನ್ನೊಂದು ಯಂತ್ರದ ಟೇಪು ಸರಿಯಾಗಿತ್ತು. ಅದನ್ನು ಬಳಸಿ ತಿದ್ದಿದ್ದು 1992ರಲ್ಲಿ. ಅಂದರೆ ಮೂವತ್ತಕ್ಕೂ ಹೆಚ್ಚು ವರ್ಷ ಬಂದ ಪ್ರತಿಗಳೆಲ್ಲ, ಬಹಳ ಬೆಲೆಬಾಳುವ ಮೊದಲ ಪ್ರೆಸ್ಸಿಂಗ್ ಸೇರಿ, ಒಂದು ಬದಿಯಲ್ಲಿ ಶ್ರುತಿ ತಪ್ಪಿದವು. ತಂಬೂರಿ ಜೊತೆ ಬೆಳೆದ ನಮ್ಮ ಕಿವಿಗೆ ಇದು ಸಣ್ಣ ವಿಷಯವಲ್ಲ. ಆದರೂ ವೇಗ ಹೆಚ್ಚಾದ ಪ್ರತಿ ಕೇಳಿದವರಿಗೆ ಅದು 'ಚುರುಕಾಗಿದೆ' ಅನ್ನಿಸುವುದು ಸಹಜ. ಮತ್ತೆ ಅದೇ ಮಾತು: ಹಳೆಯದರಲ್ಲಿ ಜೀವ ಇದೆ!

ಬೀಟಲ್ಸ್ ವಿಷಯದಲ್ಲಿ ಗೊಂದಲ ಇನ್ನೊಂದು ಥರ. 2012ರ ಸ್ಟೀರಿಯೋ ಎಲ್‌ಪಿಗಳು ಡಿಜಿಟಲ್ ಫೈಲಿನಿಂದ ಕಟ್ ಆದವು. 2014ರ ಮೊನೊ ಸೆಟ್ಟನ್ನು ಲಂಡನ್ನಿನ ಆ್ಯಬಿ ರೋಡ್‌ನಲ್ಲಿ ಟೇಪಿನಿಂದಲೇ, ಪೂರ್ತಿ ಅನಲಾಗ್ ದಾರಿಯಲ್ಲಿ ಕಟ್ ಮಾಡಿದರು. ಮೊನೊ ಸೆಟ್ ಅದ್ಭುತವಾಗಿದೆ. ಆದರೆ ಇವೆರಡನ್ನು ಇಟ್ಟುಕೊಂಡು 'ನೋಡಿ, ಅನಲಾಗ್ ಗೆದ್ದಿತು' ಅನ್ನುವುದು ಸರಿಯಲ್ಲ. ಮೊನೊ ಮಿಕ್ಸೇ (ದನಿ, ವಾದ್ಯಗಳನ್ನು ಬೆರೆಸಿದ ರೀತಿ) ಬೇರೆ, ಸ್ಟೀರಿಯೋ ಮಿಕ್ಸೇ ಬೇರೆ. ಗೆದ್ದದ್ದು ಮಿಕ್ಸೋ ಟೇಪೋ ಹೇಳುವುದು ಹೇಗೆ?

ಇನ್ನು ಹೋಲಿಸುವ ಕೆಲಸಕ್ಕೆ ಬರೋಣ. ಮನೆಯಲ್ಲಿ ನಡೆಯುವ ಹೋಲಿಕೆಗಳಲ್ಲಿ ಬಹುಪಾಲು ಕೆಡುವುದು ವಾಲ್ಯೂಮ್‌ನಿಂದ. ಎರಡು ಕಟಿಂಗ್‌ಗಳ ನಡುವೆ 2-3 ಡೆಸಿಬೆಲ್ ಅಂತರ ಮಾಮೂಲು. ಒಂದು ಡೆಸಿಬೆಲ್ ಜೋರಾದರೆ 'ಜೋರಾಗಿದೆ' ಎಂದು ನಮಗೆ ಅನ್ನಿಸುವುದೇ ಇಲ್ಲ. 'ತುಂಬಿಕೊಂಡಿದೆ', 'ಹತ್ತಿರ ಇದೆ' ಅನ್ನಿಸುತ್ತದೆ. ಮೊದಲ ರೆಕಾರ್ಡ್ ತೆಗೆದು ಎರಡನೆಯದು ಹಾಕಿ, ವಾಲ್ಯೂಮ್ ಮುಟ್ಟದೆ ಕೇಳಿದರೆ ಜೋರಿನದೇ ಗೆಲ್ಲುತ್ತದೆ. ನಾನು ಎರಡನ್ನೂ ಕಂಪ್ಯೂಟರಿಗೆ ಇಳಿಸಿಕೊಂಡು, ಮಟ್ಟ ಸರಿಸಮ ಮಾಡಿ, ಯಾವುದು ಯಾವುದೆಂದು ಗೊತ್ತಿಲ್ಲದಂತೆ ಕೇಳಿಸುತ್ತೇನೆ. 'ಅನಲಾಗ್ ಹೋಲಿಸಲು ಡಿಜಿಟಲ್ಲಾ?' ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ಮೊಫೈ ಕತೆ ಹೇಳಿದರೆ ಸುಮ್ನಾಗುತ್ತಾರೆ.

ಎರಡನೆಯದು ತೊಳೆಯುವುದು. ಹೊಸದು ಶುದ್ಧ, ಹಳೆಯದು ಗಲೀಜು ಎಂದುಕೊಳ್ಳಬೇಡಿ. ಹೊಸ ರೆಕಾರ್ಡಿನಲ್ಲೂ ಒಳಕವರಿನ ಕಾಗದದ ಪುಡಿ ಇರುತ್ತದೆ. ಎರಡನ್ನೂ ನೀರಿನಲ್ಲಿ ಸರಿಯಾಗಿ ತೊಳೆದು ಒಣಗಿಸಿದ ಮೇಲೆ ಎಷ್ಟೋ ಸಲ ತೀರ್ಪೇ ಉಲ್ಟಾ ಆಗುತ್ತದೆ.

ಇನ್ನು ಒಳಗಿನ (ಲೇಬಲ್ ಕಡೆಯ) ಹಾಡನ್ನು ಒಳಗಿನ ಹಾಡಿನ ಜೊತೆಗೇ ಹೋಲಿಸಿ. 33ರ ವೇಗದಲ್ಲಿ ಹೊರ ಅಂಚಿನಲ್ಲಿ ಗ್ರೂವ್ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡಿದರೆ, ಲೇಬಲ್ ಹತ್ತಿರ ಬರುವ ಹೊತ್ತಿಗೆ ಅದು 21ಕ್ಕೆ ಇಳಿದಿರುತ್ತದೆ. ಅದೇ ವಿವರವನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ತುರುಕಬೇಕು. 'ಸ'ಕಾರಗಳು ಅಲ್ಲೇ ಚಿಂದಿಯಾಗುವುದು. 45ರ ವೇಗದ ಎರಡು ತಟ್ಟೆಯ ರೀಇಶ್ಯೂಗಳು ನಿಜಕ್ಕೂ ಗೆಲ್ಲುವುದು ಈ ಜಾಗದಲ್ಲಿ. ಹತ್ತು ನಿಮಿಷಕ್ಕೊಮ್ಮೆ ಎದ್ದು ತಿರುಗಿಸುವ ಕಾಟ ಮಾತ್ರ ಇದ್ದೇ ಇದೆ.

ಮತ್ತೆ 180 ಗ್ರಾಂ ತೂಕದ ದಪ್ಪ ರೆಕಾರ್ಡು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತೂಕ ಗ್ರೂವಿನ ಒಳಗಿನ ಸಂಗೀತವನ್ನು ಬದಲಿಸುವುದಿಲ್ಲ. ಕೈಗೆ ಗಟ್ಟಿ ಅನ್ನಿಸುತ್ತದೆ, ಚೆನ್ನಾಗಿರುತ್ತದೆ. ದಪ್ಪ ಒಂದು ಮಿಲಿಮೀಟರ್ ಹೆಚ್ಚಾದರೂ ಮಾಮೂಲಿ ಉದ್ದದ ತೋಳಿನಲ್ಲಿ ಮುಳ್ಳಿನ ಕೋನ ಬದಲಾಗುವುದು ಕಾಲು ಡಿಗ್ರಿಯಷ್ಟು ಮಾತ್ರ.

ನಮ್ಮ ಕಡೆಗೆ ಬಂದರೆ, ಕಲ್ಕತ್ತೆಯ ದಮ್‌ದಮ್‌ನಲ್ಲಿ ಗ್ರಾಮಫೋನ್ ಕಂಪನಿ ಒತ್ತಿದ ಎಲ್‌ಪಿಗಳು ಇವತ್ತಿಗೂ ಬೆಂಗಳೂರಿನಲ್ಲಿ ಕೈ ಬದಲಾಗುತ್ತವೆ. ಬೀಟಲ್ಸ್‌ನ ದಮ್‌ದಮ್ ಪ್ರತಿಗಳನ್ನು ಹೊರದೇಶದವರೂ ಹುಡುಕುತ್ತಾರೆ. ಇಂಗ್ಲೆಂಡಿನ ಪ್ರತಿಯಲ್ಲಿರುವ ಮ್ಯಾಟ್ರಿಕ್ಸ್ ನಂಬರೇ (ಲೇಬಲ್ ಪಕ್ಕದ ಕಟಿಂಗ್ ಗುರುತಿನ ಸಂಖ್ಯೆ) ಇದರಲ್ಲೂ ಕಂಡರೆ, ಕಟಿಂಗ್ ಅದೇ ಎಂದು ತಿಳಿಯಬಹುದು. ಆಗ ವ್ಯತ್ಯಾಸ ಉಳಿಯುವುದು ಪ್ಲಾಸ್ಟಿಕ್ ಗುಣದಲ್ಲಿ ಮತ್ತು ಹಿಂದಿನ ಮಾಲೀಕರ ಮುಳ್ಳಿನಲ್ಲಿ. ನನ್ನ ಕೈಗೆ ಬರುವ ಹಳೆ ಕರ್ನಾಟಕ ಸಂಗೀತದ ಎಲ್‌ಪಿಗಳಲ್ಲಿ ಚಟಪಟ ಸದ್ದಿಗೆ ಕಾರಣ ಹೆಚ್ಚಾಗಿ ಪ್ರೆಸ್ಸಿಂಗ್ ಅಲ್ಲ, ಭಾರದ ಸೆರಾಮಿಕ್ ಪಿಕಪ್‌ನಲ್ಲಿ ವರ್ಷಗಟ್ಟಲೆ ಹಾಕಿದ್ದು. ಕಟಿಂಗ್ ಎಷ್ಟೋ ಸಲ ಸೊಗಸಾಗಿರುತ್ತದೆ. ಹೊಸದಾಗಿ ಬರುತ್ತಿರುವ ಭಾರತೀಯ ರೀಇಶ್ಯೂಗಳಲ್ಲಿ ನಾನು ನೋಡಿದ ಹೆಚ್ಚಿನವುಗಳ ಮೇಲೆ ತೂಕ ಬರೆದಿರುತ್ತದೆ, ಯಾವ ಮೂಲದಿಂದ ಕಟ್ ಮಾಡಿದ್ದು ಎಂದು ಬರೆದಿರುವುದಿಲ್ಲ. ಮೊಫೈ ಈಗ ಪ್ರತಿ ರೆಕಾರ್ಡಿನ ಮೂಲವನ್ನು ತಿಳಿಸುತ್ತಿದೆ. ನಮ್ಮವರೂ ಅದನ್ನು ಕಲಿಯಬಹುದು.

ಅಲ್ಲಿಯವರೆಗೆ ಓದಬೇಕಾದ್ದು ಕವರಲ್ಲ, ಡೆಡ್‌ವ್ಯಾಕ್ಸ್. ಕೊನೆಯ ಹಾಡು ಮತ್ತು ಲೇಬಲ್ ನಡುವಿನ ಖಾಲಿ ಜಾಗ ಅದು. ಟಾರ್ಚ್ ಓರೆಯಾಗಿ ಹಿಡಿದರೆ ಕೊರೆದ ಅಕ್ಷರ ಕಾಣುತ್ತವೆ. ಹಳೆ ಬ್ಲೂ ನೋಟ್‌ನಲ್ಲಿ 'ಆರ್‌ವಿಜಿ' ಅಥವಾ 'ವ್ಯಾನ್ ಗೆಲ್ಡರ್' ಮುದ್ರೆ, ಜೊತೆಗೆ ಪ್ಲಾಸ್ಟಿಲೈಟ್ ಕಾರ್ಖಾನೆಯ ಕಿವಿಯಾಕಾರದ ಗುರುತು. ರಾಕ್ ತಂಡ ಲೆಡ್ ಝೆಪ್ಪೆಲಿನ್‌ನ 1969ರ ಎರಡನೆಯ ಆಲ್ಬಮಿನಲ್ಲಿ 'ಆರ್‌ಎಲ್' ಇದ್ದರೆ, ಅದು ಎಂಜಿನಿಯರ್ ಬಾಬ್ (ರಾಬರ್ಟ್) ಲಡ್ವಿಗ್ ಮಾಡಿದ ಜೋರಿನ ಕಟ್. ಅಗ್ಗದ ಪ್ಲೇಯರ್‌ನಲ್ಲಿ ಮುಳ್ಳು ಹಾರಿದ್ದಕ್ಕೆ ಅದನ್ನು ತಗ್ಗಿಸಿ ಮತ್ತೆ ಕಟ್ ಮಾಡಿಸಿದರಂತೆ. ದುಡ್ಡು ಕಳಿಸುವ ಮುಂಚೆ ಮಾರುವವರಿಂದ ಎರಡೂ ಬದಿಯ ಡೆಡ್‌ವ್ಯಾಕ್ಸ್ ಫೋಟೋ ತರಿಸಿಕೊಳ್ಳಿ. ಫೋಟೋ ಮಸುಕಾಗಿದ್ದರೆ, ಅಕ್ಷರಗಳನ್ನು ಒಂದೊಂದಾಗಿ ಓದಿ ಬರೆದು ಕಳಿಸಲು ಹೇಳಿ. ಒಂದು ಬದಿ ಒಬ್ಬರು ಕೊರೆದದ್ದು, ಇನ್ನೊಂದು ಬದಿ ಆಮೇಲೆ ಬೇರೆಯವರು ಮತ್ತೆ ಕೊರೆದದ್ದು ಇರುವ ಪ್ರತಿಗಳೂ ಸಿಗುತ್ತವೆ. ಅದಕ್ಕೇ ಎರಡೂ ಬದಿ ಅಂದದ್ದು.