ಸ್ವಂತ ಮೈಯನ್ನು ಕಾಯುವ ಕೋಶಗಳು: ಒಂದು ಜೀನಿನ ಹಿನ್ನೆಲೆ

2025ರ ಅಕ್ಟೋಬರ್‌ನಲ್ಲಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೋನ್ ಸಕಗುಚಿ ಅವರಿಗೆ ವೈದ್ಯಕೀಯ ನೊಬೆಲ್ ಘೋಷಣೆಯಾದಾಗ, ನಿಯಂತ್ರಕ ಟಿ ಕೋಶಗಳೆಂಬ ಬಿಳಿ ರಕ್ತಕಣಗಳ ಹೆಸರು ಪ್ರಯೋಗಾಲಯದ ಹೊರಗೂ ಕೇಳಿಬಂತು. ನಮ್ಮದೇ ಅಂಗಾಂಗಗಳ ಮೇಲೆ ಎರಗಹೊರಟ ರಕ್ಷಕ ಕೋಶಗಳನ್ನು ತಡೆಯುವ ಈ ಕೋಶಗಳ ಸುಳಿವು 1969ರಲ್ಲೇ ಜಪಾನಿನಲ್ಲಿ ಸಿಕ್ಕಿತ್ತು: ಹುಟ್ಟಿದ ಮೂರನೆಯ ದಿನ ಟಿ ಕೋಶಗಳು ಬಲಿಯುವ ಥೈಮಸ್ ಗ್ರಂಥಿಯನ್ನು ತೆಗೆದುಹಾಕಿದ ಇಲಿಮರಿಗಳಲ್ಲಿ, ಅವುಗಳದ್ದೇ ರಕ್ಷಕ ಕೋಶಗಳ ದಾಳಿಗೆ ಅಂಡಾಶಯ ನಾಶವಾಗಿತ್ತು. ಎಪ್ಪತ್ತರ ದಶಕದಲ್ಲಿ ‘ದಮನಕ ಟಿ ಕೋಶ’ದ ಕಲ್ಪನೆ ಹಬ್ಬಿತು, ಅದಕ್ಕೆ ಆಧಾರವೆಂದು ನಂಬಿದ್ದ ಐ-ಜೆ ಜೀನ್ ಹೇಳಿದ ಜಾಗದಲ್ಲಿ ಇಲ್ಲವೇ ಇಲ್ಲವೆಂದು ಎಂಬತ್ತರ ದಶಕದ ಆರಂಭದಲ್ಲಿ ತಿಳಿದಾಗ ಹೆಚ್ಚಿನವರು ಆ ದಾರಿಯನ್ನೇ ಬಿಟ್ಟರು. ತಪ್ಪಿದ್ದು ಗುರುತು ಮಾತ್ರ, ಪ್ರಶ್ನೆಯಲ್ಲ. ಎರಡನ್ನೂ ಒಟ್ಟಿಗೇ ಕೈಬಿಟ್ಟದ್ದು ದುಬಾರಿಯಾಯಿತು. ಅದೇ ಪ್ರಶ್ನೆಯ ಬೆನ್ನು ಬಿಡದ ಸಕಗುಚಿ, ಮೇಲ್ಮೈಯಲ್ಲಿ ಸಿಡಿ25 ಎಂಬ ಪ್ರೋಟೀನ್ ಇರುವ ಟಿ ಕೋಶಗಳಲ್ಲಿ ಈ ತಡೆಯುವ ಗುಣವಿದೆಯೆಂದು 1995ರಲ್ಲಿ ತೋರಿಸಿದರು.

ಇತ್ತ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ 1949ರಲ್ಲೇ ‘ಸ್ಕರ್ಫಿ’ ಎಂಬ ಇಲಿತಳಿ ತಾನಾಗಿ ಹುಟ್ಟಿಕೊಂಡಿತ್ತು. ಅದರ ಗಂಡುಮರಿಗಳ ಚರ್ಮ ಹೊಟ್ಟಿನಂತೆ ಸುಲಿಯುತ್ತಿತ್ತು, ಗುಲ್ಮ ಮತ್ತು ದುಗ್ಧಗ್ರಂಥಿಗಳು ಊದಿಕೊಳ್ಳುತ್ತಿದ್ದವು, ಕೆಲವೇ ವಾರಗಳಲ್ಲಿ ಮರಿ ಸಾಯುತ್ತಿತ್ತು. ದೋಷ ಎಕ್ಸ್ ವರ್ಣತಂತುವಿನಲ್ಲಿದೆಯೆಂದು ಗೊತ್ತಿತ್ತು. ಬ್ರಂಕೋ ಮತ್ತು ರಾಮ್ಸ್‌ಡೆಲ್ ಸುಮಾರು 17 ಕೋಟಿ ಡಿಎನ್‌ಎ ಅಕ್ಷರಗಳ ಆ ತಂತುವಿನಲ್ಲಿ ಹುಡುಕಾಟವನ್ನು 5 ಲಕ್ಷಕ್ಕೆ ಇಳಿಸಿ, ಅಲ್ಲಿದ್ದ 20 ಜೀನ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ದೋಷ ಸಿಕ್ಕಿದ್ದು ಕೊನೆಯದರಲ್ಲಿ. ಎರಡೇ ಎರಡು ಅಕ್ಷರ ಹೆಚ್ಚಿಗೆ ಸೇರಿದ್ದವು. ಜೀವಕೋಶ ಜೀನನ್ನು ಮೂರು ಮೂರು ಅಕ್ಷರವಾಗಿ ಓದುವುದರಿಂದ ಮುಂದಿನ ಪಾಠವೆಲ್ಲ ಕೆಟ್ಟಿತ್ತು. 2001ರಲ್ಲಿ ಆ ಜೀನಿಗೆ ಫಾಕ್ಸ್‌ಪಿ3 ಎಂಬ ಹೆಸರು ಬಂತು. ಗಂಡುಶಿಶುಗಳಲ್ಲಿ ಮಧುಮೇಹ, ನಿಲ್ಲದ ಭೇದಿ, ಇಸಬು ಒಟ್ಟಿಗೇ ಕಾಡುವ ಐಪೆಕ್ಸ್ ಕಾಯಿಲೆಗೂ ಇದೇ ಜೀನಿನ ದೋಷವೇ ಕಾರಣವೆಂದು ಆಗಲೇ ತಿಳಿಯಿತು. ಸಕಗುಚಿಯವರು ಗುರುತಿಸಿದ ಕೋಶಗಳನ್ನು ರೂಪಿಸುವುದೂ ಇದೇ ಜೀನ್ ಎಂದು 2003ರಲ್ಲಿ ಖಚಿತವಾದಾಗ ಎರಡು ದಾರಿಗಳು ಕೂಡಿದವು.

ಹಾಗಾದರೆ ಫಾಕ್ಸ್‌ಪಿ3ಯನ್ನು ಯಾರು ನಿಯಂತ್ರಿಸುತ್ತಾರೆ? ಜೀನಿನ ಒಳಗೇ ಇರುವ ಸ್ವಿಚ್‌ಗಳು ಎಂದು 2010ರ ಅಧ್ಯಯನ ತೋರಿಸಿತು: ಸಿಎನ್‌ಎಸ್3 ಎಂಬುದು ಥೈಮಸ್‌ನಲ್ಲಿ ಜೀನನ್ನು ಚಾಲೂ ಮಾಡಲು ನೆರವಾದರೆ, ಸಿಎನ್‌ಎಸ್2 ಎಂಬುದು ಕೋಶ ಒಡೆದು ಎರಡಾದಾಗಲೂ ಅದು ಆರದಂತೆ ಕಾಯುತ್ತದೆ. ಈ ಎರಡನೆಯದರ ಮೇಲಿನ ಮೀಥೈಲ್ ಗುರುತುಗಳು, ಅಂದರೆ ಜೀನನ್ನು ಮುಚ್ಚಿಡುವ ರಾಸಾಯನಿಕ ಚಿಹ್ನೆಗಳು, ಅಳಿಯದಿದ್ದರೆ, ಪ್ರಯೋಗಾಲಯದಲ್ಲಿ ಬೆಳೆಸಿದ ನಿಯಂತ್ರಕ ಕೋಶಗಳು ಕ್ರಮೇಣ ಫಾಕ್ಸ್‌ಪಿ3ಯನ್ನು ಕಳೆದುಕೊಳ್ಳುತ್ತವೆ. ಇಂಥ ಕೋಶಗಳನ್ನೇ ಔಷಧವಾಗಿಸಲು ಹೊರಟವರ ಮುಂದಿರುವ ದೊಡ್ಡ ತೊಡಕು ಇದು.