ಟಾಯ್ಲೆಟ್‌ನಲ್ಲಿ ಕೂತಾಗ ಮಾಡಲ್ಲ, ಎದ್ದ ಕೂಡಲೇ ಚಡ್ಡಿಯಲ್ಲಿ ಮಾಡ್ತಾನೆ: ಇದು ಹಠವೇ?

ಪ್ರಶ್ನೆ: ಮೇಡಂ, ನಮ್ಮ ಮಗನಿಗೆ ಐದು ವರ್ಷ ತುಂಬುತ್ತಿದೆ. ಆಟಿಸಂ ಇದೆ, ಮಾತು ಕಡಿಮೆ. ಇನ್ನು ಮೂರು ತಿಂಗಳಿಗೆ ಶಾಲೆ ಶುರು. ಟಾಯ್ಲೆಟ್‌ನಲ್ಲಿ ಇಪ್ಪತ್ತು ನಿಮಿಷ ಕೂರಿಸಿದರೂ ಏನೂ ಮಾಡುವುದಿಲ್ಲ. ಎಬ್ಬಿಸಿ ಚಡ್ಡಿ ಹಾಕಿದರೆ ಎರಡೇ ನಿಮಿಷಕ್ಕೆ ಅದರಲ್ಲೇ ಮಾಡಿಬಿಡುತ್ತಾನೆ. ಎರಡಕ್ಕಂತೂ ಡಯಾಪರ್ ಹಾಕಲೇಬೇಕು. ಮನೆಯವರೆಲ್ಲ ಇದು ಹಠ ಅಂತಾರೆ. ಸ್ವಲ್ಪ ಗದರಿದರೆ ಸರಿಹೋಗುತ್ತಾನಾ? ಇಲ್ಲ ಶಾಲೆಗೆ ಹೋದ ಮೇಲೆ ಬೇರೆ ಮಕ್ಕಳನ್ನು ನೋಡಿ ತಾನೇ ಕಲಿಯುತ್ತಾನಾ?

ಉತ್ತರ: ಹಠ ಅಲ್ಲ. ಮೊದಲು ಈ ಒಂದು ಮಾತನ್ನು ಮನೆಯವರೆಲ್ಲ ಕೂತು ಒಪ್ಪಿಕೊಳ್ಳಿ, ಉಳಿದದ್ದು ಆಮೇಲೆ. ಗದರಿದರೆ ಸರಿಹೋಗುವುದಿಲ್ಲ, ಬಂದಿರುವಷ್ಟೂ ಕೆಡುತ್ತದೆ. ಶಾಲೆಗೆ ಹೋದ ಮಾತ್ರಕ್ಕೆ ತಾನಾಗಿ ಬರುವುದೂ ಇಲ್ಲ. ಕಲಿಸಿದರೆ ಬರುತ್ತದೆ. ಒಂದೂ ಮಾತಾಡದ ಮಕ್ಕಳಿಗೂ ಬಂದಿದೆ.

ಶಾಲೆ ಶುರುವಾಗುವ ದಿನಗಳು ಹತ್ತಿರ ಬಂದವೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇದೇ. ಹೇಳಿ ಹೇಳಿ ಸಾಕಾಗಿದೆ ಅನ್ನುವುದು ನಿಜ. ಆದರೆ ಕೇಳುವ ಅಪ್ಪ ಅಮ್ಮಂದಿರ ಮೇಲೆ ನನಗೆ ಬೇಸರವಿಲ್ಲ. ರಾತ್ರಿ ಹಗಲು ಬಟ್ಟೆ ತೊಳೆದು ಸುಸ್ತಾದವರ ಕಿವಿಗೆ ‘ನಿನ್ನ ಮಗನಿಗೆ ಎಲ್ಲಾ ಗೊತ್ತು, ಬೇಕಂತಲೇ ಮಾಡ್ತಾನೆ’ ಎಂದು ತುಂಬುವವರ ಮೇಲೆ ಬೇಸರ. ಅವರು ಕೊಡುವ ಸಾಕ್ಷಿಗಳೂ ಯಾವಾಗಲೂ ಇವೇ: ಎದ್ದ ಎರಡು ನಿಮಿಷಕ್ಕೆ ಮಾಡ್ತಾನೆ. ಮೂರು ಗಂಟೆ ತಡೆದುಕೊಳ್ತಾನೆ. ಪರದೆ ಹಿಂದೆ ಹೋಗಿ ಮಾಡ್ತಾನೆ. ಹೋದ ವಾರ ಒಂದು ಸಲ ಸರಿಯಾಗಿ ಮಾಡಿದ್ದ.

ಇವನ್ನು ಬಿಡಿಸಿ ನೋಡೋಣ.

ಮೂತ್ರಚೀಲದ ಬಾಯಿಯಲ್ಲಿ ಬಿಗಿಹಿಡಿಯುವ ಸ್ನಾಯುಗಳು ಎರಡಿವೆ. ಒಳಗಿನದು ನಮ್ಮ ಮಾತು ಕೇಳುವುದಿಲ್ಲ, ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ. ಹೊರಗಿನದನ್ನು ಮಾತ್ರ ನಾವು ಬೇಕೆಂದಾಗ ಬಿಗಿ ಮಾಡಬಹುದು, ಸಡಿಲ ಬಿಡಬಹುದು. ಮಲದ್ವಾರದಲ್ಲೂ ಹೀಗೆಯೇ. ತಡೆದುಕೊಳ್ಳುವುದೆಂದರೆ ಆ ಹೊರಗಿನ ಸ್ನಾಯುವನ್ನು ಬಿಗಿ ಮಾಡುವುದು. ಟಾಯ್ಲೆಟ್‌ನಲ್ಲಿ ಕೂತು ಮಾಡುವುದೆಂದರೆ ಅದನ್ನು ಸಡಿಲ ಬಿಡುವುದು. ಇವು ಎರಡು ಬೇರೆ ಬೇರೆ ಕಲಿಕೆಗಳು. ಒಂದು ಬಂದಿದೆ ಅಂದರೆ ಇನ್ನೊಂದೂ ಬಂದಿದೆ ಎಂದು ಅರ್ಥವಲ್ಲ. ಜೊತೆಗೆ, ಸಡಿಲ ಬಿಡುವುದು ಜೋರು ಮಾಡಿದರೆ ಬರುವ ಕೆಲಸವೇ ಅಲ್ಲ. ಮೈ ನಿರಾಳವಾದರೆ ಮಾತ್ರ ಆಗುತ್ತದೆ. ದೊಡ್ಡವರಾದ ನಮಗೂ, ಚಿಲಕವಿಲ್ಲದ ಬಾಗಿಲಿನ ಹೊರಗೆ ಯಾರೋ ನಿಂತು ‘ಆಯ್ತಾ, ಆಯ್ತಾ’ ಎಂದು ಕೇಳುತ್ತಿದ್ದರೆ ಉಚ್ಚೆ ಬರುತ್ತದಾ?

ಈಗ ನಿಮ್ಮ ಮಗ ಟಾಯ್ಲೆಟ್‌ನಲ್ಲಿ ಕೂತಿರುವುದನ್ನು ನೆನೆಸಿಕೊಳ್ಳಿ. ಸೀಟು ತಣ್ಣಗಿದೆ. ಕಾಲು ನೆಲಕ್ಕೆ ಮುಟ್ಟುತ್ತಿಲ್ಲ. ಕೆಳಗೆ ಒಂದು ದೊಡ್ಡ ತೂತು, ಬಿದ್ದುಬಿಡುತ್ತೇನೆ ಅನ್ನುವ ಭಯ. ಎರಡೂ ಕೈಯಲ್ಲಿ ಸೀಟಿನ ಅಂಚು ಗಟ್ಟಿಯಾಗಿ ಹಿಡಿದಿದ್ದಾನೆ, ಭುಜ ಕಿವಿಯ ತನಕ ಏರಿದೆ. ಫ್ಲಶ್ ಯಾವಾಗ ಗರ್ ಅನ್ನುತ್ತದೋ ಎಂದು ಕಿವಿ ಅಲ್ಲೇ ಇದೆ. ಎದುರಿಗೆ ಅಮ್ಮ, ಬಾಗಿಲಲ್ಲಿ ಅಜ್ಜಿ. ಇಡೀ ಮೈ ಬಿಗಿಯಾಗಿರುವಾಗ ಆ ಒಂದು ಸ್ನಾಯು ಮಾತ್ರ ಸಡಿಲವಾಗಬೇಕು ಅಂದರೆ ಹೇಗೆ? ಎಬ್ಬಿಸಿ ಚಡ್ಡಿ ಹಾಕುತ್ತೀರಿ. ಕಾಲು ನೆಲಕ್ಕೆ ತಾಗಿತು, ಎಲ್ಲರೂ ಆಚೆ ಹೋದರು, ಭಯ ಹೋಯಿತು. ಸ್ನಾಯು ಸಡಿಲವಾಯಿತು, ಅಷ್ಟು ಹೊತ್ತು ಒಳಗಿದ್ದದ್ದು ಬಂದೇಬಿಟ್ಟಿತು. ‘ಎದ್ದ ಎರಡೇ ನಿಮಿಷಕ್ಕೆ’ ಅನ್ನುವುದು ಹಠಕ್ಕೆ ಸಾಕ್ಷಿ ಅಲ್ಲವೇ ಅಲ್ಲ. ಹೆದರಿಕೆಗೆ ಸಾಕ್ಷಿ.

ಇನ್ನೊಂದನ್ನೂ ಮರೆಯಬೇಡಿ. ಹುಟ್ಟಿದಾಗಿನಿಂದ ಸೊಂಟಕ್ಕೆ ಬಟ್ಟೆ ಅಥವಾ ಡಯಾಪರ್ ತಾಗಿದ್ದಾಗಲೇ ಅವನು ಮಾಡಿರುವುದು. ಅವನ ಮೈಗೆ ಆ ಸ್ಪರ್ಶವೇ ಸೂಚನೆ. ಅದನ್ನು ಕಲಿಸಿದವರು ನಾವು. ಬದಲಾವಣೆಯೇ ಕಷ್ಟವಾಗಿರುವ ಮಗು, ನಾವು ವರ್ಷಗಟ್ಟಲೆ ಕಲಿಸಿದ್ದನ್ನು ಪಾಲಿಸುತ್ತಿದೆ. ಅದನ್ನೇ ಹಠ ಅನ್ನುತ್ತೇವೆ.

ಪರದೆ ಹಿಂದೆ ಹೋಗಿ ನಿಲ್ಲುವುದಂತೂ ಖುಷಿಪಡಬೇಕಾದ ವಿಷಯ. ಕಕ್ಕ ಬರುತ್ತಿದೆ ಎಂದು ಅವನಿಗೆ ಮೊದಲೇ ತಿಳಿಯುತ್ತಿದೆ ಎಂದಾಯಿತು. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಹೊಟ್ಟೆಯೊಳಗಿನ ಈ ಸೂಚನೆ ಮಂದವಾಗಿ ಬರುತ್ತದೆ, ಇಲ್ಲವೇ ಕೊನೇ ಗಳಿಗೆಯಲ್ಲಿ ಬರುತ್ತದೆ. ‘ಸುಸು ಬಂತಾ?’ ಎಂದು ಕೇಳಿದರೆ ‘ಇಲ್ಲ’ ಅಂದು ಮರುಕ್ಷಣ ಒದ್ದೆ ಮಾಡಿಕೊಂಡರೆ ಅದು ಸುಳ್ಳಲ್ಲ. ಕೇಳಿದಾಗ ಅವನಿಗೆ ನಿಜವಾಗಲೂ ಗೊತ್ತಾಗಿರಲಿಲ್ಲ. ಆದ್ದರಿಂದ ಕೇಳಬೇಡಿ. ‘ಟಾಯ್ಲೆಟ್ ಟೈಮ್’ ಎಂದು ಟಾಯ್ಲೆಟ್‌ನ ಚಿತ್ರವಿರುವ ಕಾರ್ಡ್ ತೋರಿಸಿ ಕರೆದುಕೊಂಡು ಹೋಗಿ. ಹೋದ ವಾರ ಒಂದು ಸಲ ಸರಿಯಾಗಿ ಮಾಡಿದ್ದನಲ್ಲ? ಆ ಸಲ ಎಲ್ಲಾ ಕೂಡಿಬಂದಿತ್ತು, ಅಷ್ಟೇ. ಏನು ಕೂಡಿಬಂದಿತ್ತು ಎಂದು ಹುಡುಕುವುದು ನಮ್ಮ ಕೆಲಸ.

ಗದರಿದರೆ ಏನಾಗುತ್ತದೆ? ‘ಟಾಯ್ಲೆಟ್‌ನಲ್ಲಿ ಮಾಡಬೇಕು’ ಅನ್ನುವ ಪಾಠ ಅವನಿಗೆ ಮುಟ್ಟುವುದಿಲ್ಲ. ‘ಇವರೆದುರು ಮಾಡಿದರೆ ಬೈಗುಳ’ ಅನ್ನುವುದು ಮಾತ್ರ ಮುಟ್ಟುತ್ತದೆ. ಆಮೇಲೆ ಬಚ್ಚಿಟ್ಟುಕೊಳ್ಳುತ್ತಾನೆ, ತಡೆದುಕೊಳ್ಳುತ್ತಾನೆ. ತಡೆದುಕೊಂಡರೆ ಮಲ ಗಟ್ಟಿಯಾಗುತ್ತದೆ, ನೋಯುತ್ತದೆ, ನೋಯುವುದೆಂದು ಇನ್ನೂ ತಡೆಯುತ್ತಾನೆ.

ಮಲಬದ್ಧತೆಯ ಮಾತು ಬಂತಲ್ಲ, ನಾನು ಎಲ್ಲರಿಗೂ ಮೊದಲು ಹೇಳುವ ಕೆಲಸ ಇದೇ: ತರಬೇತಿಗೆ ಮುಂಚೆ ಮಕ್ಕಳ ಡಾಕ್ಟರ ಹತ್ತಿರ ಹೊಟ್ಟೆ ತೋರಿಸಿ. ಆಟಿಸಂ ಇರುವ ಮಕ್ಕಳಲ್ಲಿ ಮಲಬದ್ಧತೆ ತುಂಬಾ ಸಾಮಾನ್ಯ. ‘ದಿನಾ ಹೋಗ್ತಾನೆ ಮೇಡಂ, ಕೆಲವು ಸಲ ನೀರು ನೀರಾಗಿಯೂ ಹೋಗ್ತಾನೆ’ ಎಂದು ಧೈರ್ಯವಾಗಿ ಹೇಳುವವರಿದ್ದಾರೆ. ಆ ನೀರು ನೀರಾದದ್ದೇ ಅನುಮಾನಕ್ಕೆ ಕಾರಣ. ಒಳಗೆ ಗಟ್ಟಿ ಮಲ ಕೂತಿರುತ್ತದೆ, ಅದರ ಸಂದಿಯಿಂದ ತೆಳ್ಳಗಿನದು ಸೋರಿ ಚಡ್ಡಿಗೆ ಹತ್ತುತ್ತದೆ. ಬಹಳ ದಿನ ತುಂಬಿಕೊಂಡಿದ್ದರೆ ಕರುಳಿನ ಕೊನೆಯ ಭಾಗ ಹಿಗ್ಗಿ ಹೋಗುತ್ತದೆ. ತುಂಬಿದೆ ಎಂಬ ಸೂಚನೆಯೇ ಸರಿಯಾಗಿ ಬರುವುದಿಲ್ಲ. ಆ ಗಟ್ಟಿ ಮಲ ಪಕ್ಕದ ಮೂತ್ರಚೀಲವನ್ನು ಒತ್ತಿದರೆ ಆಗಾಗ ಸುಸು ಕೂಡ ಸೋರುತ್ತದೆ. ಇಂಥ ಮಗುವನ್ನು ಹೊಡೆದು ಏನು ಸಾಧಿಸುತ್ತೀರಿ?

ಡಾಕ್ಟರಿಗೆ ವಿವರಿಸಲು ಬ್ರಿಸ್ಟಲ್ ಚಾರ್ಟ್ ಸಹಾಯಕ್ಕೆ ಬರುತ್ತದೆ. 1997ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯರು ಪ್ರಕಟಿಸಿದ್ದು. ಮಲದ ರೂಪವನ್ನು 7 ಬಗೆಯಾಗಿ ಚಿತ್ರದಲ್ಲಿ ತೋರಿಸುತ್ತದೆ. 1 ಮತ್ತು 2 ಅಂದರೆ ಮಲಬದ್ಧತೆ. ಒಂದು ವಾರ ನಂಬರ್ ಬರೆದುಕೊಂಡು ಹೋಗಿ. ಔಷಧಿ ಕೊಟ್ಟರೆ, ನಾಲ್ಕು ದಿನ ಸಲೀಸಾಗಿ ಹೋದ ಎಂದು ನೀವೇ ನಿಲ್ಲಿಸಬೇಡಿ. ಹಿಗ್ಗಿದ ಕರುಳು ಮೊದಲಿನಂತಾಗಲು ತಿಂಗಳುಗಳೇ ಬೇಕಾಗಬಹುದು. ಮಲದಲ್ಲಿ ರಕ್ತ, ಸುಸು ಮಾಡುವಾಗ ಉರಿ, ವಿಪರೀತ ಬಾಯಾರಿಕೆ, ಚೆನ್ನಾಗಿ ಕಲಿತಿದ್ದವನು ದಿಢೀರನೆ ಮರೆತಂತಾಗುವುದು, ಇವು ಕಂಡರೆ ಕಾಯದೆ ತೋರಿಸಿ.

ಸರಿ, ಕಲಿಸುವುದು ಹೇಗೆ? ಮೂರು ನಾಲ್ಕು ದಿನ ಏನೂ ಕಲಿಸದೆ ಬರೀ ಬರೆದಿಡಿ. ಯಾವಾಗ ಕುಡಿದ, ಯಾವಾಗ ಒದ್ದೆಯಾದ, ಯಾವಾಗ ಕಕ್ಕ ಮಾಡಿದ. ಅವನ ಮೈಯ ವೇಳಾಪಟ್ಟಿ ಅಲ್ಲೇ ಕಾಣುತ್ತದೆ. ಅದರ ಪ್ರಕಾರ ಕರೆದುಕೊಂಡು ಹೋಗಿ. ಅರ್ಧ ಗಂಟೆಗೊಂದು ಸಲ ಎಳೆದುಕೊಂಡು ಹೋಗುವುದು ಬೇಡ. ಊಟವಾದ ಇಪ್ಪತ್ತು ಮೂವತ್ತು ನಿಮಿಷಕ್ಕೆ ಕರುಳು ತಾನಾಗಿಯೇ ಚುರುಕಾಗುತ್ತದೆ. ಎರಡಕ್ಕೆ ಕೂರಿಸಲು ಅದೇ ಒಳ್ಳೆಯ ಹೊತ್ತು. ಐದು ನಿಮಿಷ ಸಾಕು, ಇಪ್ಪತ್ತು ಬೇಡವೇ ಬೇಡ. ಕಮೋಡ್ ಆದರೆ ಪಾದದ ಕೆಳಗೆ ಗಟ್ಟಿಯಾದ ಸ್ಟೂಲ್ ಇಡಿ, ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರಲಿ. ಸೀಟಿನ ಮೇಲೆ ಮಕ್ಕಳ ಚಿಕ್ಕ ಸೀಟು ಹಾಕಿ. ಫ್ಲಶ್‌ಗೆ ಹೆದರುವುದಾದರೆ ಅವನು ಹೊರಗೆ ಹೋದ ಮೇಲೆ ನೀವು ಮಾಡಿ. ನೀರು ಕಡಿಮೆ ಕುಡಿಸಬೇಡಿ. ಕಡಿಮೆ ಕುಡಿದರೆ ಮಲಬದ್ಧತೆ ಜಾಸ್ತಿಯಾಗುತ್ತದೆ, ಕಲಿಯುವ ಅವಕಾಶವೂ ಕಡಿಮೆಯಾಗುತ್ತದೆ. ಒಂದು ಹನಿ ಬಿದ್ದರೂ ಅವನಿಗೆ ಪ್ರಾಣವಾದದ್ದು ಏನಿದೆಯೋ ಅದು ಆ ಕ್ಷಣವೇ ಕೈಗೆ ಸಿಗಲಿ. ಸಂಜೆಗೆ ಕೊಡುತ್ತೇನೆ ಅನ್ನುವ ಮಾತು ಅವನಿಗೆ ತಲುಪುವುದಿಲ್ಲ.

ಡಯಾಪರ್‌ನಲ್ಲೇ ಕಕ್ಕ ಮಾಡುವುದನ್ನು ಒಂದೇ ದಿನದಲ್ಲಿ ಕಿತ್ತುಹಾಕಬೇಡಿ, ಮಗು ತಡೆದುಕೊಂಡು ನರಳುತ್ತದೆ. ಮೊದಲು ಡಯಾಪರ್ ಹಾಕಿಯೇ ಬಚ್ಚಲುಮನೆಯೊಳಗೆ ನಿಂತು ಮಾಡಲಿ. ಅದು ರೂಢಿಯಾದ ಮೇಲೆ ಡಯಾಪರ್ ಸಮೇತ ಕಮೋಡ್ ಮೇಲೆ ಕೂರಲಿ. ಆಮೇಲೆ ಡಯಾಪರ್‌ಗೆ ಕೆಳಗೆ ಚಿಕ್ಕ ತೂತು ಮಾಡಿ. ತೂತು ದೊಡ್ಡದಾಗುತ್ತಾ ಹೋಗಲಿ, ಕೊನೆಗೆ ಸೊಂಟಕ್ಕೆ ಒಂದು ಪಟ್ಟಿ ಮಾತ್ರ ಉಳಿದಿರುತ್ತದೆ. ನಾನು ಕಲಿಸಿದ ಒಬ್ಬ ಹುಡುಗ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದ. ಹಿಡಿದುಕೊಳ್ಳಲಿ ಬಿಡಿ ಅಂದೆ. ಒಂದು ದಿನ ತಾನೇ ಅದನ್ನು ಕಸದ ಬುಟ್ಟಿಗೆ ಹಾಕಿ ಬಂದ. ಅವನ ಅಮ್ಮ ಫೋನ್ ಮಾಡಿ ಹೇಳಿದಾಗ ನನಗಾದ ಹೆಮ್ಮೆ ಈಗಲೂ ಹಾಗೇ ಇದೆ.

ಶಾಲೆಗೆ ಹೋದರೆ ನೋಡಿ ಕಲಿಯುತ್ತಾನಾ ಅಂದಿರಿ. ಬೇರೆಯವರನ್ನು ನೋಡಿ ಕಲಿಯುವುದೇ ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಕಷ್ಟದ ದಾರಿ. ಅದರ ಮೇಲೆ ಹೊಸ ಜಾಗ, ಗದ್ದಲ. ಮನೆಯಲ್ಲಿ ಚೆನ್ನಾಗಿ ಕಲಿತ ಮಗು ಕೂಡ ಶಾಲೆಯ ಟಾಯ್ಲೆಟ್‌ನಲ್ಲಿ ಮೊದಲಿನಿಂದ ಶುರು ಮಾಡಬೇಕಾಗಬಹುದು. ಹಾಗಂತ ಇವನಿಗೆ ಬರುವುದೇ ಇಲ್ಲ ಎಂದು ಕೈಚೆಲ್ಲುವುದೂ ತಪ್ಪು. 1971ರಲ್ಲೇ ಅಮೆರಿಕದ ನೇಥನ್ ಅಜ್ರಿನ್ ಮತ್ತು ರಿಚರ್ಡ್ ಫಾಕ್ಸ್ ಎಂಬ ಮನೋವಿಜ್ಞಾನಿಗಳು, ತೀವ್ರ ಬೌದ್ಧಿಕ ಅಸಾಮರ್ಥ್ಯವಿದ್ದು ಆಶ್ರಯ ಸಂಸ್ಥೆಯಲ್ಲಿದ್ದ ವಯಸ್ಕರಿಗೆ ಟಾಯ್ಲೆಟ್ ಬಳಸುವುದನ್ನು ಕಲಿಸಿ ತೋರಿಸಿದರು. ಅವರ ವಿಧಾನದಲ್ಲಿದ್ದ ಶಿಕ್ಷೆಯ ಭಾಗವನ್ನು ನಾನು ಒಪ್ಪುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಕಲಿಸಬಹುದು ಅನ್ನುವುದು ಮಾತ್ರ ಅವತ್ತೇ ಗೊತ್ತಾಗಿದೆ.

ಶಾಲೆ ಶುರುವಾಗುವ ಮುಂಚೆ, ಮಕ್ಕಳಿಲ್ಲದ ಹೊತ್ತಲ್ಲಿ ಹೋಗಿ ಅಲ್ಲಿನ ಟಾಯ್ಲೆಟ್ ತೋರಿಸಿ, ಫೋಟೊ ತೆಗೆದು ಮನೆಯಲ್ಲಿ ಅವನಿಗೆ ತೋರಿಸುವ ಚಿತ್ರಗಳ ಪಕ್ಕ ಗೋಡೆಗೆ ಅಂಟಿಸಿ. ಮನೆಯಲ್ಲಿ ಬಳಸುವ ಟಾಯ್ಲೆಟ್ ಚಿತ್ರದ ಕಾರ್ಡೇ ಶಾಲೆಯಲ್ಲೂ ಇರಲಿ, ಮಾತಿಲ್ಲದವನು ಅದನ್ನು ಟೀಚರ್ ಕೈಗೆ ಕೊಟ್ಟರೆ ಸಾಕು. ಯೂನಿಫಾರ್ಮ್‌ನ ಗುಂಡಿ, ಜಿಪ್ ಅವನಿಗೆ ಬರುವುದಿಲ್ಲವಾದರೆ ಎಲಾಸ್ಟಿಕ್ ಹಾಕಿಸಿ. ಟೀಚರ್ ಹತ್ತಿರ ಏನನ್ನೂ ಮುಚ್ಚಿಡಬೇಡಿ. ಅಷ್ಟರಲ್ಲಿ ಪೂರ್ತಿ ಕಲಿಯದಿದ್ದರೆ ಬದಲಿ ಬಟ್ಟೆಯ ಚೀಲ ಕೊಟ್ಟು ಕಳಿಸಿ. ಕೊನೆಯ ಎರಡು ವಾರದಲ್ಲಿ ಅವಸರ ಮಾಡಿ ಭಯ ಹುಟ್ಟಿಸುವುದಕ್ಕಿಂತ ಅದು ಎಷ್ಟೋ ಮೇಲು. ರಾತ್ರಿ ಹಾಸಿಗೆ ಒದ್ದೆಯಾಗುವುದು ಬೇರೆಯೇ ವಿಷಯ, ಅದು ಮೈ ಬಲಿತಂತೆ ಬರುವುದು. ಈಗ ಅದರ ಚಿಂತೆ ಬಿಡಿ, ರಾತ್ರಿ ಡಯಾಪರ್ ಇರಲಿ.

ನೀವು ಕೇಳದ ಒಂದು ವಿಷಯವಿದೆ, ಆದರೆ ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಬಟ್ಟೆ ಎಲ್ಲಿ ಬದಲಿಸುತ್ತೀರಿ? ಹಾಲ್‌ನಲ್ಲಿ, ಟಿವಿ ಮುಂದೆ, ಅಲ್ವಾ? ಇನ್ನು ಮುಂದೆ ಒದ್ದೆಯಾದರೂ ಬಚ್ಚಲುಮನೆಗೇ ಹೋಗಿ, ಬಾಗಿಲು ಹಾಕಿ ಬದಲಿಸಿ. ಈ ಮಕ್ಕಳು ಒಮ್ಮೆ ಕಲಿತದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಹಾಲ್‌ನಲ್ಲಿ ಚಡ್ಡಿ ಬಿಚ್ಚಬಹುದು ಎಂದು ಐದನೇ ವರ್ಷಕ್ಕೆ ಕಲಿತವನು ಹದಿನೈದಕ್ಕೂ ಬಿಚ್ಚುತ್ತಾನೆ. ಆಗ ಊರೆಲ್ಲ ಅವನನ್ನೇ ಬೈಯುತ್ತದೆ. ಹುಡುಗರು ನಿಂತು ಸುಸು ಮಾಡುವಾಗ ಪ್ಯಾಂಟನ್ನು ಪಾದದ ತನಕ ಇಳಿಸುವುದೂ ಇಂಥದ್ದೇ. ಶಾಲೆಯಲ್ಲಿ ಬೇರೆ ಮಕ್ಕಳು ನಗುತ್ತಾರೆ, ಇವನಿಗೆ ಯಾಕೆಂದು ತಿಳಿಯುವುದಿಲ್ಲ. ಮುಂದೆ ಮಾತ್ರ ಸ್ವಲ್ಪ ಇಳಿಸುವುದನ್ನು ಮನೆಯಲ್ಲೇ, ಹಿಂದೆ ನಿಂತು ಕೈ ಹಿಡಿದು ಕಲಿಸಿ.

ತೊಳೆದುಕೊಳ್ಳುವುದನ್ನೂ ಈಗಲೇ ಶುರು ಮಾಡಿ. ಮೊದಮೊದಲು ಅವನ ಕೈ ಮೇಲೆ ನಿಮ್ಮ ಕೈ ಇರಲಿ, ದಿನ ಕಳೆದಂತೆ ನಿಮ್ಮ ಕೈ ಹಿಂದೆ ಸರಿಯಲಿ. ಎಷ್ಟು ಬೇಗ ತಾನೇ ತೊಳೆದುಕೊಳ್ಳುತ್ತಾನೋ ಅಷ್ಟು ಕಡಿಮೆ ಜನ ಅವನ ಮೈ ಮುಟ್ಟಬೇಕಾಗುತ್ತದೆ. ಮಾತು ಬಾರದ ಮಗು ಮನೆಗೆ ಬಂದು ‘ಅವರು ಹೀಗೆ ಮಾಡಿದರು’ ಎಂದು ಹೇಳಲಾರದು. ಆದ್ದರಿಂದ ಶಾಲೆಯಲ್ಲಿ ಟಾಯ್ಲೆಟ್‌ಗೆ ಸಹಾಯ ಮಾಡುವವರು ಯಾರು, ಅವರು ರಜೆ ಹಾಕಿದ ದಿನ ಯಾರು ಎಂದು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಆ ಇಬ್ಬರ ಫೋಟೊ ಕೂಡ ಗೋಡೆಯ ಚಿತ್ರಗಳ ಜೊತೆ ಅಂಟಿಸಿ, ಈ ಇಬ್ಬರು ಮಾತ್ರ ಎಂದು ಅವನಿಗೆ ದಿನಾ ತೋರಿಸಿ.